ಮಳೆ ಲೆಕ್ಕದಲ್ಲಿ ವಾರ ಎಂದರೆ ಯಾವ ವಾರ?

ಮಳೆ ಬಾರದೆ ಎಷ್ಟು ವಾರವಾಯಿತು? ಇದು ಮೇಲ್ನೋಟಕ್ಕೆ ಬೆರಳೆಣಿಕೆಯ ಪ್ರಶ್ನೆ. ಆದರೆ ಒಂದೇ ಹೊಲದ, ಒಂದೇ ಮಳೆಗೆ ಒಬ್ಬರು ಎರಡು ವಾರ ಎಂದೂ ಇನ್ನೊಬ್ಬರು ಮೂರು ವಾರ ಎಂದೂ ಲೆಕ್ಕ ಕೊಡಬಹುದು. ಇಬ್ಬರ ಲೆಕ್ಕವೂ ಸರಿಯಾಗಿರಬಹುದು. ಇಂದು ಅನೇಕ ರೈತರ ಮನೆಗಳಲ್ಲಿ ಮಕ್ಕಳು ಮಳೆ, ಬಿತ್ತನೆ, ಗೊಬ್ಬರದ ಲೆಕ್ಕವನ್ನು ಗಣಕಯಂತ್ರದಲ್ಲೋ ಮೊಬೈಲಿನಲ್ಲೋ ಬರೆದಿಡುತ್ತಿದ್ದಾರೆ. ಇದು ಒಳ್ಳೆಯದೇ. ಆದರೆ ತಾರೀಖು ಕೊಟ್ಟರೆ ವಾರದ ಸಂಖ್ಯೆಯನ್ನು ಯಂತ್ರವೇ ಹೇಳುವುದರಿಂದ ಈ ಗೊಂದಲವೂ ಹೆಚ್ಚಿದೆ.

ತುರುವನೂರು ಹೋಬಳಿಯ ಒಂದು ಶೇಂಗಾ ಹೊಲವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೊಲದಲ್ಲಿ ಮಳೆ ಮಾಪಕವಿದೆ. 2025ರ ಜುಲೈ 8, ಮಂಗಳವಾರ ಬೆಳಿಗ್ಗೆ ನೋಡಿದಾಗ 22 ಮಿ.ಮೀ. ಮಳೆ ಬಿದ್ದಿತ್ತೆಂದು ಇಟ್ಟುಕೊಳ್ಳಿ. ಆಮೇಲೆ ಹನಿಯೂ ಇಲ್ಲ. ಮುಂದಿನ ಮಳೆ ಮಾಪಕದಲ್ಲಿ ಕಂಡದ್ದು ಜುಲೈ 30, ಬುಧವಾರ ಬೆಳಿಗ್ಗೆ. ನಡುವೆ 9ರಿಂದ 29ರವರೆಗೆ ಸರಿಯಾಗಿ 21 ದಿನ ಒಣಗಿವೆ. ಏಳು ಮೂರಲ ಇಪ್ಪತ್ತೊಂದು, ಮೂರು ವಾರ ಎಂದು ನೀವು ಹೇಳುತ್ತೀರಿ. ಗಣಕಯಂತ್ರ ಮಾತ್ರ ಮಳೆಯಿಲ್ಲದ ವಾರ ಎರಡೇ ಎಂದು ತೋರಿಸುತ್ತದೆ. ಕಾರಣವೇನು?

ಯಂತ್ರಗಳಲ್ಲಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಪದ್ಧತಿ, ಅಂದರೆ ಐಎಸ್‌ಒ 8601, ವಾರವನ್ನು ಸೋಮವಾರದಿಂದ ಭಾನುವಾರಕ್ಕೆ ಎಣಿಸುತ್ತದೆ. ಜುಲೈ 7ರಿಂದ 13ರ ವಾರದಲ್ಲಿ 8ನೇ ತಾರೀಖಿನ ಮಳೆ ಸೇರಿಕೊಂಡಿತು. ಜುಲೈ 28ರಿಂದ ಆಗಸ್ಟ್ 3ರ ವಾರದಲ್ಲಿ 30ರ ಮಳೆ ಸೇರಿಕೊಂಡಿತು. ಪೂರ್ತಿ ಒಣಗಿದ್ದು ನಡುವಿನ ಎರಡು ವಾರ ಮಾತ್ರ. ಭಾರತ ಹವಾಮಾನ ಇಲಾಖೆಯು ವಾರದ ಮಳೆ ವರದಿಯನ್ನು ಗುರುವಾರದಿಂದ ಬುಧವಾರಕ್ಕೆ ಲೆಕ್ಕಹಾಕುತ್ತದೆ. ಆ ಪ್ರಕಾರ ನೋಡಿದರೂ 10ರಿಂದ 16 ಮತ್ತು 17ರಿಂದ 23, ಹೀಗೆ ಎರಡೇ ಒಣ ವಾರ ಸಿಗುತ್ತವೆ. ಆದರೆ ಕೃಷಿ ಹವಾಮಾನ ಶಾಸ್ತ್ರದಲ್ಲಿ ನಾವು ಬಳಸುವ ಪ್ರಮಾಣಿತ ಹವಾಮಾನ ವಾರಗಳಲ್ಲಿ 28ನೆಯದು ಜುಲೈ 9ರಿಂದ 15, 29ನೆಯದು 16ರಿಂದ 22, 30ನೆಯದು 23ರಿಂದ 29. ಮೂರೂ ಒಣ ವಾರಗಳೇ.

ಇದರಿಂದ ಏನಾಗಬೇಕು ಎಂದು ನೀವು ಕೇಳಬಹುದು. ಕೇಂದ್ರ ಕೃಷಿ ಸಚಿವಾಲಯವು 2016ರಲ್ಲಿ ಹೊರತಂದ ಬರ ನಿರ್ವಹಣೆಯ ಕೈಪಿಡಿಯಲ್ಲಿ ಮಳೆಯ ಬಿಡುವನ್ನು ಸತತ ವಾರಗಳಲ್ಲೇ ಎಣಿಸಲಾಗಿದೆ. ಹಗುರ ಮಣ್ಣಿಗೆ ಮೂರು ವಾರವೇ ಗಡಿ. ಬರದ ಮಾತು ಬಂದಾಗ ನೋಡುವ ಹಲವು ಅಂಶಗಳಲ್ಲಿ ಇದೂ ಒಂದು. ಎರಡಕ್ಕೂ ಮೂರಕ್ಕೂ ಇರುವ ಅಂತರ ನಮ್ಮ ಕೆಂಪು ಮಣ್ಣಿನ ಶೇಂಗಾ ಬೆಳೆಗಾರನಿಗೆ ಸಣ್ಣದಲ್ಲ. ಗಿಡದ ಸಂಕಟವಂತೂ ಯಾವ ಪದ್ಧತಿಯನ್ನೂ ಕೇಳುವುದಿಲ್ಲ. ಸೂಜಿ ಮಣ್ಣಿಗಿಳಿಯುವ ಹಂತದಲ್ಲಿ 21 ದಿನ ಮೇಲ್ಮಣ್ಣು ಒಣಗಿ ಗಟ್ಟಿಯಾದರೆ ಕಾಯಿ ಕಡಿಮೆಯಾಗಿಯೇ ಆಗುತ್ತದೆ. ಆದ್ದರಿಂದ ಯಾರೇ ಕೇಳಲಿ, ಮೊದಲು ದಿನಗಳ ಲೆಕ್ಕ ಹೇಳಿ. ವಾರದ ಲೆಕ್ಕ ಆಮೇಲೆ.

ಪ್ರಮಾಣಿತ ಹವಾಮಾನ ವಾರ ನಿಮಗೆ ಹೊಸ ಹೆಸರಿರಬಹುದು, ಆದರೆ ಅದರ ಹಿಂದಿನ ವಿಚಾರ ಹೊಸದಲ್ಲ. ಮೃಗಶಿರ ಮಳೆ ಪ್ರತಿ ವರ್ಷ ಜೂನ್ 7 ಅಥವಾ 8ರ ಸುಮಾರಿಗೆ ಹುಟ್ಟುತ್ತದೆ. ಆ ದಿನ ಸೋಮವಾರವೋ ಶನಿವಾರವೋ ಎಂಬುದು ಮುಖ್ಯವಲ್ಲ. ಮಳೆ ನಕ್ಷತ್ರ ಸೂರ್ಯನ ಚಲನೆಗೆ ಕಟ್ಟಿಕೊಂಡದ್ದು, ಆದ್ದರಿಂದ ತಾರೀಖಿಗೆ ಅಂಟಿಕೊಂಡಿರುತ್ತದೆ. ಪ್ರಮಾಣಿತ ವಾರವೂ ಹಾಗೆಯೇ. ಮೊದಲನೆಯ ವಾರ ಎಂದಿಗೂ ಜನವರಿ 1ರಿಂದ 7. ವರ್ಷಕ್ಕೆ 52 ವಾರ. ಉಳಿಯುವ ಒಂದು ದಿನವನ್ನು ಕೊನೆಯ ವಾರಕ್ಕೆ ಸೇರಿಸುವುದರಿಂದ ಅದು ಡಿಸೆಂಬರ್ 24ರಿಂದ 31ರವರೆಗೆ ಎಂಟು ದಿನದ ವಾರ. ಅಧಿಕ ವರ್ಷದಲ್ಲಿ ಒಂಬತ್ತನೆಯ ವಾರಕ್ಕೂ, ಅಂದರೆ ಫೆಬ್ರವರಿ 26ರಿಂದ ಮಾರ್ಚ್ 4ರವರೆಗಿನದಕ್ಕೂ, ಎಂಟು ದಿನ. ಹೀಗೆ ಸರಿಪಡಿಸಿಕೊಂಡಿರುವುದರಿಂದಲೇ 30 ವರ್ಷದ ಹಿಂದಿನ 30ನೇ ವಾರದ ಮಳೆಯನ್ನು ಈ ವರ್ಷದ 30ನೇ ವಾರದ ಮಳೆಯೊಂದಿಗೆ ಹೋಲಿಸಬಹುದು. ಯಾವ ವಾರದಲ್ಲಿ ಬಿತ್ತನೆಗೆ ಹದ ಸಿಗುವ ಸಂಭವ ಹೆಚ್ಚು ಎಂಬ ಕೋಷ್ಟಕಗಳು ಈ ವಾರಗಳ ಮೇಲೆಯೇ ನಿಂತಿವೆ. ಸೋಮವಾರದ ಲೆಕ್ಕದ ಸಂಖ್ಯೆ ಹಿಡಿದು ಆ ಕೋಷ್ಟಕ ನೋಡಿದರೆ ಪಕ್ಕದ ಸಾಲನ್ನು ಓದಿದಂತಾಗುತ್ತದೆ.

2026ರಲ್ಲಿ ಜನವರಿ 1 ಗುರುವಾರವೇ ಬರುವುದರಿಂದ ಪ್ರಮಾಣಿತ ವಾರವೂ ಗುರುವಾರದಿಂದ ಬುಧವಾರದ ವಾರವೂ ಒಂದೇ ಆಗಿಬಿಡುತ್ತವೆ. ಎರಡೂ ಒಂದೇ ಎಂದು ಮೋಸಹೋಗಬೇಡಿ. 2027ರ ಜನವರಿ 1 ಶುಕ್ರವಾರ. ಆಗ ಮತ್ತೆ ಬೇರೆಯಾಗುತ್ತವೆ.

ಯಂತ್ರದಿಂದಲೇ ಪ್ರಮಾಣಿತ ವಾರ ಪಡೆಯುವ ಬಗೆ ಹೀಗಿದೆ. ಆ ತಾರೀಖು ವರ್ಷದ ಎಷ್ಟನೆಯ ದಿನ ಎಂದು ಕೇಳಿ. ಅಧಿಕ ವರ್ಷವಾದರೆ ಫೆಬ್ರವರಿ 29ರಿಂದ ಮುಂದಕ್ಕೆ ಒಂದು ಕಳೆಯಿರಿ. ಬಂದದ್ದರಲ್ಲಿ ಮತ್ತೆ ಒಂದು ಕಳೆದು ಏಳರಿಂದ ಭಾಗಿಸಿ, ಶೇಷ ಬಿಟ್ಟು, ಭಾಗಲಬ್ಧಕ್ಕೆ ಒಂದು ಕೂಡಿಸಿ. 53 ಬಂದರೆ 52 ಎಂದು ಬರೆಯಿರಿ. 2025ರ ಜುಲೈ 29 ವರ್ಷದ 210ನೇ ದಿನ. ಒಂದು ಕಳೆದರೆ 209, ಏಳರಿಂದ ಭಾಗಿಸಿದರೆ 29, ಒಂದು ಕೂಡಿಸಿದರೆ 30ನೇ ವಾರ.

ಸಿದ್ಧ ಸೂತ್ರಗಳನ್ನು ನಂಬಿದರೆ ಏನಾಗುತ್ತದೆ ನೋಡಿ. ಜುಲೈ 28, 2025ನ್ನು ಎಕ್ಸೆಲ್‌ನ ವೀಕ್‌ನಮ್ ಸೂತ್ರ 31ನೇ ವಾರ ಎನ್ನುತ್ತದೆ. ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ಕೋಶದ ವೀಕ್ ಸೂತ್ರ, ಬೇರೇನೂ ಸೂಚನೆ ಕೊಡದಿದ್ದರೆ, 30 ಎನ್ನುತ್ತದೆ. ಎರಡೂ ವಾರವನ್ನು ಭಾನುವಾರಕ್ಕೇ ಮೊದಲುಮಾಡುತ್ತವೆ. ಆದರೆ ಮೊದಲನೆಯದು ಜನವರಿ 1 ಇರುವ ವಾರವನ್ನೇ ಒಂದು ಎಂದರೆ, ಎರಡನೆಯದು ವರ್ಷದ ಮೊದಲ ಭಾನುವಾರದಿಂದ ಒಂದು ಎನ್ನುತ್ತದೆ. ದಿನದ ಸಂಖ್ಯೆಯಲ್ಲೂ ಇದೇ ಪಾಡು. ಅದೇ ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಸೂತ್ರಕ್ಕೆ ಭಾನುವಾರ 1, ಇನ್ನೊಂದು ಸೂತ್ರಕ್ಕೆ ಸೋಮವಾರ 0. ಆದ್ದರಿಂದ ಪುಸ್ತಕದಲ್ಲಾಗಲಿ ಯಂತ್ರದಲ್ಲಾಗಲಿ ದಿನವನ್ನು ಸಂಖ್ಯೆಯಲ್ಲಿ ಬರೆಯದೆ ಮಂಗಳವಾರ, ಬುಧವಾರ ಎಂದು ಹೆಸರಿನಲ್ಲೇ ಬರೆಯುವುದು ಕ್ಷೇಮ. ತಿಂಗಳನ್ನೂ ಅಕ್ಷರದಲ್ಲಿ ಬರೆಯಿರಿ. 8-7 ಎಂದು ಬರೆದ ಜುಲೈ ಮಳೆಯನ್ನು ಅಮೆರಿಕದ ಕ್ರಮಕ್ಕೆ ಹೊಂದಿಸಿದ ಯಂತ್ರ ಆಗಸ್ಟ್ 7ಕ್ಕೆ ಒಯ್ಯುತ್ತದೆ.

ಎರೆ ಹೊಲದಲ್ಲಿ ಹಿಂಗಾರಿ ಕಡಲೆ ಹಾಕುವವರಿಗೆ ಇನ್ನೊಂದು ತೊಡಕಿದೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ವರ್ಷದ ಮೊದಲ ಗುರುವಾರ ಇರುವ ವಾರವೇ ಒಂದನೆಯ ವಾರ. ಹೀಗಾಗಿ 2025ರ ಡಿಸೆಂಬರ್ 29, 30, 31 ಮುಂದಿನ ವರ್ಷದ ಒಂದನೇ ವಾರಕ್ಕೆ ಸೇರಿದವು. ವರ್ಷದ ಮನೆಯಲ್ಲಿ 2025, ವಾರದ ಮನೆಯಲ್ಲಿ 1 ಎಂದು ಇಟ್ಟು ಜೋಡಿಸಿದರೆ ಆ ಮೂರು ದಿನದ ಲೆಕ್ಕ ಹಾರಿ ಹಿಂದಿನ ಜನವರಿಯ ತಲೆಗೆ ಕೂರುತ್ತದೆ. ಔಷಧ ಹೊಡೆದದ್ದು ಬಿತ್ತನೆಗೂ ಮೊದಲು ಎಂದು ತೋರುವ ಇಂಥ ಪಟ್ಟಿಯೊಂದನ್ನು ನಾನೇ ತಯಾರಿಸಿ, ಅರ್ಧ ದಿನ ತಲೆ ಕೆರೆದುಕೊಂಡದ್ದುಂಟು.

ಇನ್ನು ಮಳೆ ಅಳೆಯುವ ಹೊತ್ತು. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ತಾರೀಖಿಗೆ ಬರೆಯಬೇಕು. ಸೋಮವಾರ ಸಂಜೆಯ ಮಳೆ ಮಂಗಳವಾರದ್ದು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಬಿದ್ದದ್ದು ಬುಧವಾರದ್ದು. ನಮ್ಮ ಉದಾಹರಣೆಯ ಎರಡನೆಯ ಮಳೆ ಜುಲೈ 29ರ ಸಂಜೆ ಸುರಿದಿತ್ತು ಎನ್ನಿ. ಮನೆಯವರು ಅದನ್ನು 29ಕ್ಕೇ ಬರೆದಿದ್ದರೆ 30ನೇ ವಾರ ಒಣ ವಾರವಾಗಿ ಉಳಿಯುತ್ತಿರಲಿಲ್ಲ. ಪ್ರಮಾಣಿತ ಲೆಕ್ಕದಲ್ಲೂ ಮೂರು ಹೋಗಿ ಎರಡಾಗುತ್ತಿತ್ತು. ಹೋಬಳಿಯ ಮಳೆ ಮಾಪಕದ ಅಂಕಿಗೂ ನಿಮ್ಮ ಅಂಕಿಗೂ ಒಂದು ದಿನ ಹಿಂದುಮುಂದು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಹವಾಮಾನ ಆಧಾರಿತ ಕೃಷಿ ಸಲಹೆಗಳು ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತವೆ. ಅವುಗಳನ್ನು ವಾರದ ದಿನಕ್ಕೆ ಅನುಸರಿಸಿ. ಹಿಂದಿನ ವರ್ಷಗಳೊಂದಿಗೆ ಹೋಲಿಕೆಗೆ ಮಾತ್ರ ಪ್ರಮಾಣಿತ ವಾರ. ಎರಡಕ್ಕೂ ಮೂಲವಾಗಿ ಪುಸ್ತಕದಲ್ಲಿ ನಾಲ್ಕು ಮನೆ ಸಾಕು: ಪೂರ್ತಿ ತಾರೀಖು, ದಿನದ ಹೆಸರು, 8.30ರ ಮಳೆ, ಹೊಲದಲ್ಲಿ ಮಾಡಿದ ಕೆಲಸ. ಮಳೆ ಇಲ್ಲದ ದಿನ ಮನೆಯನ್ನು ಖಾಲಿ ಬಿಡದೆ ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನೀವು ನೋಡಲಿಲ್ಲವೋ ಎಂಬುದು ಮುಂದೆ ಯಾರಿಗೂ ತಿಳಿಯುವುದಿಲ್ಲ. ವಾರದ ಸಂಖ್ಯೆಯನ್ನು ಬರೆದಿಡುವ ಅಗತ್ಯವಿಲ್ಲ. ತಾರೀಖು ಇದ್ದರೆ ಯಾವ ವಾರ ಬೇಕಾದರೂ ಆಮೇಲೆ ತೆಗೆಯಬಹುದು. ಬರಿಯ ವಾರದ ಸಂಖ್ಯೆಯಿಂದ ತಾರೀಖನ್ನು ಮರಳಿ ಪಡೆಯಲಾಗದು.