ಮಗಳ ಸ್ನಾನಗೃಹಕ್ಕೆ ಐವತ್ತರ ದಶಕದ ಚೆಲುವು

ಆರು ವರ್ಷದ ಮಗಳಿಗಾಗಿ ಸಜ್ಜುಗೊಳಿಸಿದ ಸ್ನಾನಗೃಹ
ಅವಳ ಹದಿನಾರರಲ್ಲಿಯೂ ಹಳತೆನಿಸದೆ ಉಳಿದೀತೇ?

ಉಳಿದೀತು.
ಎರಡನೆಯ ಮಹಾಯುದ್ಧದ ತರುವಾಯ
ಅಮೆರಿಕದ ಮನೆಗಳಲ್ಲಿ ನೆಲೆಗೊಂಡ
ಮಿಡ್ ಸೆಂಚುರಿ ಮಾಡರ್ನ್ ಶೈಲಿಯು,
ಸರಳ ರೇಖೆ, ಮರದ ಸಹಜ ಕಾಂತಿ, ಮಿತವಾದ ವರ್ಣ,
ಇವಿಷ್ಟನ್ನೇ ನೆಚ್ಚಿಕೊಂಡುದರಿಂದ
ಇಂದಿಗೂ ನವೀನವಾಗಿಯೇ ತೋರುತ್ತಲಿದೆ.

ಇದೋ, ಈ ಗೂಟಗಳನ್ನು ನೋಡಿರಿ.
ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು
1953ರಲ್ಲಿ ಮಕ್ಕಳಿಗೆಂದೇ ರಚಿಸಿದ ‘ಹ್ಯಾಂಗ್ ಇಟ್ ಆಲ್’ ಇದು;
ಬಾಗಿದ ಉಕ್ಕಿನ ತಂತಿಯ ತುದಿತುದಿಗೂ
ಕೆಂಪು, ಹಳದಿ, ನೀಲಿಯ ಮರದ ಗುಂಡುಗಳು
ಚನ್ನಪಟ್ಟಣದ ಬೊಂಬೆಗಳಂತೆ ನುಣುಪಾಗಿ ಹೊಳೆಯುತ್ತಿರಲು,
ಒದ್ದೆಯ ಟವಲನ್ನು ನೆಲಕ್ಕೆಸೆಯಬೇಕೆಂದು
ಯಾವ ಮಗುವಿಗೆ ತಾನೇ ತೋರೀತು?

ಇನ್ನು ಗುಲಾಬಿಯ ಮಾತು.
ಅಮೆರಿಕದ ಅಂದಿನ ಅಧ್ಯಕ್ಷ ಐಸೆನ್‌ಹೋವರರ ಪತ್ನಿ ಮೇಮಿಯವರಿಗೆ
ಅತಿಪ್ರಿಯವಾಗಿದ್ದ ಆ ವರ್ಣವು
1950ರ ದಶಕದಲ್ಲಿ ಅಲ್ಲಿಯ ಅಸಂಖ್ಯ ಸ್ನಾನಗೃಹಗಳ
ಟೈಲುಗಳನ್ನಾವರಿಸಿತ್ತು;
ನಾನಾದರೋ ಅದನ್ನು ಒಂದೇ ಗೋಡೆಗೆ ಮೀಸಲಿಟ್ಟು,
ಉಳಿದುದನ್ನು ಬಿಳಿಯಾಗಿಯೇ ಬಿಡುವುದು ಲೇಸೆನ್ನುವೆನು.

ತೇಗದ ಕಪಾಟು ಸಪೂರವಾದ ಕಾಲುಗಳ ಮೇಲೆ ನಿಲ್ಲಲಿ;
ಅಡಿಯ ನೆಲವನ್ನು ಒರಸುವುದೂ ಸುಲಭ.

ಗೂಟಗಳನ್ನು ಮಾತ್ರ, ದಯವಿಟ್ಟು,
ಅವಳ ಕೈಗೆಟಕುವ ಎತ್ತರದಲ್ಲಿಯೇ ಹೊಡೆಯಿಸಿರಿ.