ನಿಮ್ಮ ಮನೆಯ ಬೈರಾಸು ಒಣಗಿದೆಯೇ?

ಈ ಲೇಖನ ಓದುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಬಚ್ಚಲುಮನೆಯ ಬಾಗಿಲ ಹಿಂದೆಯೋ ಕೈಕಾಲು ತೊಳೆಯುವ ನಳ್ಳಿಯ ಪಕ್ಕದಲ್ಲೋ ತೂಗುಹಾಕಿರುವ ಬೈರಾಸನ್ನು ಮುಟ್ಟಿ ನೋಡಿ. ಒಣಗಿದೆಯೇ? ಮೂಗಿನ ಹತ್ತಿರ ಹಿಡಿಯಿರಿ. ಮುಗ್ಗಲು ವಾಸನೆ ಬರುತ್ತಿದೆಯೇ? ಬೆಳಗ್ಗಿನಿಂದ ಅದರಲ್ಲಿ ಎಷ್ಟು ಮಂದಿ ಮುಖ, ಕೈ, ಕಾಲು ಒರೆಸಿಕೊಂಡಿದ್ದಾರೆ ಎಂದು ಲೆಕ್ಕ ಹಾಕಿ.

ವೇಣೂರಿನ ನಮ್ಮ ಮನೆಯಲ್ಲೂ ಅಂಥ ಒಂದು ಬೈರಾಸು ಒಂದು ಮೊಳೆಗೆ ಕಾಯಂ ಆಗಿ ನೇತಾಡುತ್ತಿತ್ತು. ಸುಬ್‌ಹಿಯಿಂದ ಇಶಾದ ತನಕ ವುಝೂ ಮಾಡಿ ಬಂದವರೆಲ್ಲ ಅದಕ್ಕೇ ಕೈಹಾಕುವುದು. ಒಂದು ಮಳೆಗಾಲದಲ್ಲಿ ಹಾಸ್ಟೆಲಿನಿಂದ ರಜೆಗೆ ಬಂದ ಮಗನ ಸೊಂಟದಲ್ಲಿ ಬಳೆಯಂತೆ ದುಂಡಗಿನ ತುರಿಕೆಯ ಕಲೆ ಕಂಡಿತು. ಅಂಗಡಿಯಿಂದ ಒಂದು ಟ್ಯೂಬ್ ತಂದು ಹಚ್ಚಿದೆವು. ಎರಡು ದಿನಕ್ಕೆ ಮಾಯವಾಯಿತು, ವಾರ ಕಳೆದು ಎರಡು ಪಟ್ಟಾಗಿ ಬಂತು. ತಿಂಗಳಾಗುವಷ್ಟರಲ್ಲಿ ಮಗಳಿಗೆ, ಆಮೇಲೆ ನನಗೆ, ಕೊನೆಗೆ ಸಕ್ಕರೆ ಕಾಯಿಲೆ ಇರುವ ಅತ್ತೆಗೂ ಬಂತು. ಚರ್ಮರೋಗದ ಡಾಕ್ಟರು ಔಷಧಿ ಬರೆಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಮನೆಯಲ್ಲಿ ಎಷ್ಟು ಮಂದಿ, ಎಷ್ಟು ಟವೆಲ್?"

ಉತ್ತರ ಹೇಳಲು ನಾಚಿಕೆಯಾಯಿತು. ಈ ಲೇಖನ ಬರೆಯಲು ಆ ನಾಚಿಕೆಯೇ ಕಾರಣ.

ಒಂದು ಬಟ್ಟೆಯಿಂದ ಎಷ್ಟು ರೋಗ?

ಹುಳುಕಡ್ಡಿ ಎಂದು ನಾವು ಕರೆಯುವ ರೋಗಕ್ಕೆ ಕಾರಣ ಹುಳವಲ್ಲ, ಶಿಲೀಂಧ್ರ. ಬೆವರು, ತೇವ, ಬಿಗಿ ಬಟ್ಟೆ ಇದ್ದಲ್ಲಿ ಅದು ಬೆಳೆಯುತ್ತದೆ. ರೋಗಿಯ ಚರ್ಮದಿಂದ ಉದುರುವ ಸಣ್ಣ ಹೊಪ್ಪಳೆಗಳಲ್ಲಿ ಅದರ ಬೀಜಕಣಗಳಿರುತ್ತವೆ. ಅವು ಟವೆಲ್, ಹಾಸಿಗೆ, ಒಳಉಡುಪುಗಳಲ್ಲಿ ಬಹಳ ಕಾಲ ಜೀವಂತವಾಗಿ ಉಳಿಯಬಲ್ಲವು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ದಪ್ಪ ಟವೆಲ್ ಒಂದು ಸಲ ಒದ್ದೆಯಾದರೆ ಮರುದಿನಕ್ಕೂ ಒಣಗುವುದಿಲ್ಲ. ಶಿಲೀಂಧ್ರಕ್ಕೆ ಅದಕ್ಕಿಂತ ಒಳ್ಳೆಯ ಮನೆ ಬೇರೆ ಬೇಕೇ?

ಅಂಗಡಿಯ ಟ್ಯೂಬಿನ ಬಗ್ಗೆ ಒಂದು ಮಾತು. ತುರಿಕೆಗೆಂದು ಕೇಳಿದ ಕೂಡಲೇ ಸಿಗುತ್ತಿದ್ದ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ತುರಿಕೆಯನ್ನು, ಕೆಂಪನ್ನು ಅಡಗಿಸುತ್ತದೆ. ಆದರೆ ಚರ್ಮದ ಪ್ರತಿರೋಧವನ್ನೂ ಕುಗ್ಗಿಸುವುದರಿಂದ ಒಳಗೆ ಶಿಲೀಂಧ್ರ ಆರಾಮವಾಗಿ ಹರಡುತ್ತದೆ. ಭಾರತದಲ್ಲಿ ಔಷಧಿಗೆ ಬಗ್ಗದ ಹುಳುಕಡ್ಡಿ ಹೆಚ್ಚಲು ಇಂಥ ಮುಲಾಮುಗಳ ದುರ್ಬಳಕೆಯೂ ಒಂದು ಕಾರಣ ಎಂದು ಚರ್ಮರೋಗ ತಜ್ಞರು ಎಚ್ಚರಿಸುತ್ತಲೇ ಬಂದಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಆದ್ದರಿಂದ ಚೀಟಿ ಇಲ್ಲದೆ ಕೇಳಬೇಡಿ, ಕೊಟ್ಟರೂ ತರಬೇಡಿ.

ಹುಳುಕಡ್ಡಿ ಮಾತ್ರವಲ್ಲ. ತುರಿಕಜ್ಜಿಯ ಸಣ್ಣ ಹುಳ ಮನುಷ್ಯನ ಮೈಯಿಂದ ಹೊರಗೆ ಬಟ್ಟೆಯಲ್ಲಿ ಎರಡು ಮೂರು ದಿನ ಬದುಕಬಲ್ಲುದು. ಹತ್ತಾರು ಮಕ್ಕಳು ಒಟ್ಟಿಗೆ ಮಲಗುವ ಹಾಸ್ಟೆಲು, ದರ್ಸ್‌ಗಳಲ್ಲಿ ಕಜ್ಜಿ ಒಬ್ಬನಿಂದ ಎಲ್ಲರಿಗೂ ಹಬ್ಬುತ್ತದೆ. ಕೆಂಗಣ್ಣು ಕೂಡ ಹಾಗೆಯೇ. 2023ರ ಮಳೆಗಾಲದಲ್ಲಿ ರಾಜ್ಯದ ಉದ್ದಕ್ಕೂ ಅದು ಹರಡಿದ್ದು ನಿಮಗೆ ನೆನಪಿರಬಹುದು. ಕಣ್ಣು ಕುರುಡಾಗಿಸುವ ಟ್ರಕೋಮಾ ಎಂಬ ಸೋಂಕು ಹರಡುವ ದಾರಿಗಳಲ್ಲಿ ಹಂಚಿಕೊಂಡ ಮುಖವಸ್ತ್ರವೂ ಒಂದು. ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಅದು ಭಾರತದಿಂದ ತೊಲಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2024ರ ಅಕ್ಟೋಬರ್‌ನಲ್ಲಿ.

ಬೆರಳ ಸಂದಿಯ ನೀರು

ನಮ್ಮ ಕುಟುಂಬಗಳಲ್ಲಿ ಇನ್ನೊಂದು ವಿಷಯಕ್ಕೆ ಗಮನ ಕೊಡಬೇಕು. ವುಝೂ ಮಾಡುವಾಗ ಕಾಲ್ಬೆರಳ ಸಂದಿಗೆ ಕೈಬೆರಳು ಹಾಕಿ ನೀರು ತಲುಪಿಸುತ್ತೇವೆ. ಆದರೆ ಅಷ್ಟೇ ಕಾಳಜಿಯಿಂದ ಆ ನೀರನ್ನು ಒಣಗಿಸುವುದಿಲ್ಲ. ಒದ್ದೆ ಪಾದವನ್ನು ಹಾಗೆಯೇ ಚಪ್ಪಲಿಗೋ, ಕೆಲಸಕ್ಕೆ ಹೋಗುವವರಾದರೆ ಸಾಕ್ಸ್ ಮತ್ತು ಬೂಟಿಗೋ ತೂರಿಸುತ್ತೇವೆ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಗಾಳಿಯಾಡುವುದು ಕಡಿಮೆ. ಅಲ್ಲಿ ಚರ್ಮ ಬೆಳ್ಳಗಾಗಿ, ಮೆದುವಾಗಿ, ಬಿರುಕು ಬಿಡುತ್ತದೆ. ತುರಿಸುತ್ತದೆ, ವಾಸನೆ ಬರುತ್ತದೆ.

ಆರೋಗ್ಯವಂತನಿಗೆ ಇದು ಕಿರಿಕಿರಿ ಅಷ್ಟೆ. ಸಕ್ಕರೆ ಕಾಯಿಲೆ ಇರುವವರಿಗೆ ಹಾಗಲ್ಲ. ಕಾಲಿನ ಸ್ಪರ್ಶಜ್ಞಾನ ಕಡಿಮೆಯಾಗಿರುವ ಕಾರಣ ಬಿರುಕು ಅವರ ಗಮನಕ್ಕೇ ಬರುವುದಿಲ್ಲ. ಆ ಬಿರುಕು ಬ್ಯಾಕ್ಟೀರಿಯಾಗಳಿಗೆ ತೆರೆದ ಬಾಗಿಲು. ಕಾಲು ಕೆಂಪಗೆ ಊದಿಕೊಂಡು, ಜ್ವರ ಬಂದು, ಆಸ್ಪತ್ರೆ ಸೇರುವ ತನಕ ಹೋಗಬಹುದು. ನಮ್ಮ ಅತ್ತೆಯ ಪಾದದಲ್ಲಿ ಬಿರುಕು ಕಂಡಾಗ ಡಾಕ್ಟರು ಗದರಿದ್ದು ಅದಕ್ಕೇ. ಈಗ ಅವರ ನಮಾಝಿನ ಜಾಗದ ಪಕ್ಕ ಒಂದು ಚಿಕ್ಕ ಬಿಳಿ ಬೈರಾಸು ಇರುತ್ತದೆ. ಅದು ಪಾದಕ್ಕೆ ಮಾತ್ರ. ಪ್ರತಿ ಬೆರಳ ಸಂದಿಗೂ ಅದರ ತುದಿ ಹಾಕಿ ಒತ್ತಿ ಒರೆಸುತ್ತಾರೆ, ಉಜ್ಜುವುದಿಲ್ಲ. ಬಿಳಿ ಏಕೆಂದರೆ ರಕ್ತದ ಅಥವಾ ಕೀವಿನ ಕಲೆ ಅಂಟಿದರೆ ಕೂಡಲೇ ಕಾಣುತ್ತದೆ.

ವುಝೂವಿನ ನೀರನ್ನು ಒರೆಸಬೇಕೋ ತಾನಾಗಿ ಆರಲು ಬಿಡಬೇಕೋ ಎಂಬ ವಿಷಯದಲ್ಲಿ ನಿಮ್ಮ ಉಸ್ತಾದರನ್ನು ಕೇಳಿ. ಕಾಲ್ಬೆರಳ ಸಂದಿಯನ್ನು ಒಣಗಿಸಿಕೊಳ್ಳಿ ಎಂಬುದು ವೈದ್ಯಕೀಯ ಸಲಹೆ. ಮುಖ್ಯವಾಗಿ ನಿಮ್ಮ ಮನೆಯ ಹಿರಿಯರಿಗೆ.

ಯಾವ ಬಟ್ಟೆ ಒಳ್ಳೆಯದು?

ಪೇಟೆಯಲ್ಲಿ ಈಗ ಮೂರು ಬಗೆಯ ಟವೆಲ್ ಸಿಗುತ್ತದೆ. ಒಂದು, ನಮ್ಮ ಹಳೆಯ ತೆಳು ಹತ್ತಿ ಬೈರಾಸು. ಗಡಿಯಾಚೆ ಕಾಸರಗೋಡಿನಲ್ಲಿ ಇದನ್ನೇ ತೋರ್ತ್ ಎನ್ನುತ್ತಾರೆ, ಬಂಗಾಳದಲ್ಲಿ ಗಮ್ಚಾ. ಎರಡು, ಉಂಗುರದಂತೆ ನೂಲು ಎದ್ದು ನಿಂತಿರುವ ದಪ್ಪ ಟರ್ಕಿ ಟವೆಲ್. ಮೂರು, ಚಾರಣಿಗರು ಕೊಳ್ಳುವ ಮೈಕ್ರೋಫೈಬರ್.

ಟರ್ಕಿ ಟವೆಲ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ತುರ್ಕಿಯ ಬುರ್ಸಾ ನಗರದ ನೇಕಾರರು ಹಮ್ಮಾಮುಗಳಿಗಾಗಿ ಈ ಉಂಗುರದ ಬಟ್ಟೆಯನ್ನು ಕೈಯಲ್ಲೇ ನೇಯುತ್ತಿದ್ದರು. ಹೆನ್ರಿ ಕ್ರಿಸ್ಟಿ ಎಂಬ ಇಂಗ್ಲಿಷ್ ಪ್ರವಾಸಿ ಅದರ ಮಾದರಿಯನ್ನು ಒಯ್ದ. ಅವನ ಮನೆಯವರು ಅದನ್ನು ಯಂತ್ರದಲ್ಲಿ ನೇಯುವ ವಿಧಾನ ಕಂಡುಹಿಡಿದು 1851ರ ಲಂಡನ್ ಮಹಾಪ್ರದರ್ಶನದಲ್ಲಿಟ್ಟರು. ಉಂಗುರಗಳಿಂದ ಬಟ್ಟೆಯ ಮೇಲ್ಮೈ ಹೆಚ್ಚುತ್ತದೆ, ಆದ್ದರಿಂದ ನೀರನ್ನು ಬಹಳ ಹೀರುತ್ತದೆ. ಆದರೆ ಹೀರಿದ ನೀರನ್ನು ಬಿಡಲು ಒಳ್ಳೆಯ ಬಿಸಿಲು ಬೇಕು. ಸೋಲಾಪುರದಂಥ ಒಣಹವೆಯ ಊರಿಗೆ ಅದು ಸರಿ. ನಮ್ಮ ಜುಲೈ ತಿಂಗಳಿಗೆ ಅದು ಹೊರೆ.

ಮೈಕ್ರೋಫೈಬರ್ ಎಂದರೆ ಕೂದಲಿಗಿಂತ ಎಷ್ಟೋ ತೆಳ್ಳಗಿನ ಪಾಲಿಯೆಸ್ಟರ್, ನೈಲಾನ್ ಎಳೆಗಳ ಬಟ್ಟೆ. ನ್ಯಾಯವಾಗಿ ಹೇಳಬೇಕೆಂದರೆ ಹಗುರ, ಬೇಗ ಒಣಗುತ್ತದೆ. ಆದರೆ ನೀರನ್ನು ಎಳೆಗಳ ನಡುವಿನ ಸಂದಿಯಲ್ಲಿ ಹಿಡಿಯುತ್ತದೆಯೇ ಹೊರತು ಎಳೆಯೊಳಗೆ ಅಲ್ಲ. ಪ್ರಯೋಗಾಲಯದ ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇಕಡಾ 8.5ರಷ್ಟು ತೇವವನ್ನು ಎಳೆಯೊಳಗೇ ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಹೀರುವುದು ಶೇಕಡಾ 0.4ರಷ್ಟು. ಪಾಲಿಯೆಸ್ಟರಿಗೆ ಮೈಯ ಜಿಡ್ಡು, ಬೆವರಿನ ವಾಸನೆ ಬೇಗ ಅಂಟುತ್ತದೆ. ಬಿಸಿ ನೀರು, ಇಸ್ತ್ರಿ, ಬೆಂಕಿ ಅದಕ್ಕೆ ಆಗುವುದಿಲ್ಲ. ಪ್ರತಿ ಒಗೆತದಲ್ಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಕಳಚಿ ನೀರಿಗೆ ಸೇರುತ್ತವೆ. ನಮ್ಮಲ್ಲಿ ಆ ನೀರು ಕೊನೆಗೆ ಹೋಗುವುದು ಫಲ್ಗುಣಿ ನದಿಗೆ.

ಹತ್ತಿಯ ಇನ್ನೊಂದು ಗುಣ ಅನೇಕರಿಗೆ ಗೊತ್ತಿಲ್ಲ. ಒದ್ದೆಯಾದಾಗ ಅದರ ಎಳೆ ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದಲೇ ಹಿಂಡಿದರೂ, ಕಲ್ಲಿಗೆ ಬಡಿದರೂ, ಕುದಿಸಿದರೂ ಬೈರಾಸು ಬಾಳುತ್ತದೆ. ಬಿದಿರಿನ ಟವೆಲ್ ಎಂದು ಮಾರುವುದರಲ್ಲಿ ಹೆಚ್ಚಿನವು ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ವಿಸ್ಕೋಸ್ ನೂಲು. ಅದು ಮೃದುವೇ ಸರಿ, ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ.

ನಮ್ಮ ನೆಲದ ಮಗ್ಗ

ಕರಾವಳಿಗೆ ಕೈಮಗ್ಗ ಹೊಸತಲ್ಲ. 1851ರಲ್ಲೇ ಬಾಸೆಲ್ ಮಿಷನ್‌ನ ನೇಯ್ಗೆ ಪರಿಣತ ಜಾನ್ ಹಾಲರ್ ಮಂಗಳೂರಿಗೆ ಬಂದು ಸುಧಾರಿತ ಮಗ್ಗ ಪರಿಚಯಿಸಿದ. ಖಾಕಿ ಬಣ್ಣದ ಬಟ್ಟೆ ಹುಟ್ಟಿದ್ದೂ ಆ ಕಾರ್ಖಾನೆಯಲ್ಲೇ ಎನ್ನುತ್ತಾರೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘದಲ್ಲಿ ಇಂದಿಗೂ ಮಗ್ಗದ ಸದ್ದಿದೆ. ಇಲ್ಲಿ ನೇಯುವ ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಟವೆಲ್, ಗಮ್ಚಾಗಳ ಕೆಲವು ಬಗೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ 1985ರ ಕೇಂದ್ರ ಕಾಯ್ದೆಯೂ ಇದೆ. ಆದರೂ ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯ ಮುಂದೆ ನೇಕಾರ ಸೋಲುತ್ತಿದ್ದಾನೆ. ಕೊಳ್ಳುವಾಗ 2006ರಿಂದ ಬಂದಿರುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ನೋಡಿ. ನಿಮ್ಮ ಆರೋಗ್ಯದ ಜೊತೆಗೆ ಒಂದು ಮನೆಯ ಒಲೆಯೂ ಉರಿಯುತ್ತದೆ.

ಗಡಾಯಿಕಲ್ಲು ಹತ್ತುವ ಮಕ್ಕಳಿಗೆ

ರಜೆ ಬಂದರೆ ನಮ್ಮ ಹುಡುಗರ ಬಾಯಲ್ಲಿ ಗಡಾಯಿಕಲ್ಲಿನದೇ ಮಾತು. ಬೆಳ್ತಂಗಡಿಯ ಬಳಿ ಒಂಟಿಯಾಗಿ ಎದ್ದು ನಿಂತ ಈ ಬಂಡೆಯ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿ, ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟ ಎಂಬುದು ರೂಢಿಯ ಮಾತು. ಬಂಡೆಯಲ್ಲೇ ಕಡಿದ ಮೆಟ್ಟಿಲು ಹತ್ತುವಾಗ ಬೆವರು ಧಾರೆಯಾಗಿ ಇಳಿಯುತ್ತದೆ. ಮಕ್ಕಳ ಚೀಲಕ್ಕೆ ಎರಡು ತೆಳು ಬೈರಾಸು ಹಾಕಿ. ಒಂದು ಬೆವರು ಒರೆಸಲು, ಬಿಸಿಲಿಗೆ ತಲೆಗೆ ಸುತ್ತಲು, ಗಾಯವಾದರೆ ಒತ್ತಿ ಕಟ್ಟಲು. ಇನ್ನೊಂದು ಶುದ್ಧವಾಗಿ ಮಡಚಿಟ್ಟದ್ದು, ದಾರಿಯಲ್ಲಿ ನಮಾಝಿನ ಹೊತ್ತಾದರೆ ಹಾಸಲು. ಬೆವರಿನ ಬೈರಾಸನ್ನು ಚೀಲದೊಳಗೆ ತುರುಕದೆ ಹೊರಗೆ ಕಟ್ಟಿಕೊಂಡರೆ ನಡೆಯುತ್ತಲೇ ಒಣಗುತ್ತದೆ.

ಹೊಳೆ ಸ್ನಾನಕ್ಕೆ ಹೋಗುವ ಗಂಡಸರು ಒಂದು ವಿಷಯ ನೆನಪಿಡಿ. ತೆಳು ಬಿಳಿ ಬೈರಾಸು ಒದ್ದೆಯಾದರೆ ಮೈಗೆ ಅಂಟಿ ಪಾರದರ್ಶಕವಾಗುತ್ತದೆ. ಹೊಕ್ಕುಳಿನಿಂದ ಮಂಡಿಯ ಕೆಳಗಿನ ತನಕ ಮುಚ್ಚುವಷ್ಟು ಅಗಲದ, ಗಾಢ ಬಣ್ಣದ ಚೌಕುಳಿಯದನ್ನೇ ಉಟ್ಟುಕೊಳ್ಳಿ. ಬಟ್ಟೆ ಬದಲಿಸಲೂ ಅದೇ ಅನುಕೂಲ.

ಕುದುರೆಮುಖದಂಥ ಚಳಿಯ ಎತ್ತರದಲ್ಲಿ ಮಾತ್ರ ಒದ್ದೆ ಹತ್ತಿಯನ್ನು ಕುತ್ತಿಗೆ, ಎದೆಯ ಮೇಲೆ ಇಟ್ಟುಕೊಳ್ಳಬೇಡಿ. ಅದು ಮೈಯ ಶಾಖವನ್ನು ಕದಿಯುತ್ತದೆ. ಹಿಂಡಿ, ಚೀಲದ ಹೊರಗೆ ಹಾಕಿ.

ಹಜ್, ಉಮ್ರಾಕ್ಕೆ ಹೊರಟವರಿಗೂ ಈ ಬಟ್ಟೆ ಸ್ನೇಹಿತನೇ. ಇಹ್ರಾಮಿಗೆ ದಪ್ಪ ಟರ್ಕಿ ಬಟ್ಟೆ ಕೊಳ್ಳುವವರು ಅದು ಒದ್ದೆಯಾದರೆ ಎಷ್ಟು ಭಾರ, ತೊಡೆಸಂದಿಗೆ ಉಜ್ಜಿದರೆ ಎಷ್ಟು ಉರಿ ಎಂದು ಮೊದಲೇ ಯೋಚಿಸಲಿ. ಬಿಸಿಗಾಳಿಯಲ್ಲಿ ಒದ್ದೆ ಮಾಡಿ ತಲೆಗೋ ಕುತ್ತಿಗೆಗೋ ಒತ್ತಿಕೊಳ್ಳಲು ಹೆಂಗಸರ ಕೈಚೀಲದಲ್ಲಿ ಒಂದು ತೆಳು ಬೈರಾಸು ಇರಲಿ. ಇಹ್ರಾಮಿನಲ್ಲಿರುವ ಗಂಡಸರು ತಲೆ ಮುಚ್ಚುವಂತಿಲ್ಲ, ಅವರಿಗೆ ಛತ್ರಿಯೇ ಸರಿ.

ತಂದ ಮೇಲೆ ಏನು ಮಾಡಬೇಕು?

ಹೊಸ ಬೈರಾಸು ನೀರು ಹೀರುವುದಿಲ್ಲ ಎಂದು ದೂರಬೇಡಿ. ನೇಯುವಾಗ ನೂಲಿಗೆ ಹಾಕಿದ ಗಂಜಿ ಅದರಲ್ಲಿದೆ. ರಾತ್ರಿಯಿಡೀ ನೆನೆಸಿ, ಎರಡು ಮೂರು ಸಲ ಒಗೆದ ಮೇಲೆ ಬಳಸಿ. ಬಣ್ಣದ್ದಾದರೆ ಮೊದಮೊದಲು ಬೇರೆಯಾಗಿ ಒಗೆಯಿರಿ. ಬಟ್ಟೆ ಮೃದುವಾಗಲು ಹಾಕುವ ಸುವಾಸನೆಯ ದ್ರವ ಬೇಡ, ಅದು ಎಳೆಯ ಮೇಲೆ ಜಿಡ್ಡಿನ ಪದರವಾಗಿ ಕೂತು ನೀರು ಹೀರುವುದನ್ನು ತಡೆಯುತ್ತದೆ.

ಮನೆಯ ಪ್ರತಿಯೊಬ್ಬರಿಗೂ ಎರಡೆರಡು ಬೈರಾಸು, ಬೇರೆ ಬೇರೆ ಬಣ್ಣದ ಅಂಚು, ಬೇರೆ ಬೇರೆ ಮೊಳೆ. ಮುಖಕ್ಕೂ ಪಾದಕ್ಕೂ ಒಂದೇ ಬೇಡ. ಬಳಸಿದ ಕೂಡಲೇ ಬಿಡಿಸಿ ಹರಡಿ, ಮುದ್ದೆಯಾಗಿ ತೂಗಬೇಡಿ. ಎರಡು ದಿನಕ್ಕೊಮ್ಮೆಯಾದರೂ ಒಗೆಯಿರಿ. ಮನೆಯಲ್ಲಿ ಯಾರಿಗಾದರೂ ಹುಳುಕಡ್ಡಿ, ಕಜ್ಜಿ, ಕೆಂಗಣ್ಣು ಇದ್ದರೆ ಅವರದನ್ನು ದಿನವೂ ಪ್ರತ್ಯೇಕವಾಗಿ, ಕೈ ಹಾಕಲಾಗದಷ್ಟು ಬಿಸಿ ನೀರಿನಲ್ಲಿ ನೆನೆಸಿ ಒಗೆಯಿರಿ. 60 ಡಿಗ್ರಿ ಶಾಖಕ್ಕೆ ಶಿಲೀಂಧ್ರ ಸಾಯುತ್ತದೆ, ಉಗುರು ಬೆಚ್ಚಗಿನ ನೀರಿಗೆ ಸಾಯುವುದಿಲ್ಲ. ಬಿಸಿಲಿದ್ದರೆ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಒಲೆಯ ಮೇಲಿನ ಹಗ್ಗ, ಫ್ಯಾನಿನ ಗಾಳಿ, ಕೊನೆಗೆ ಬಿಸಿ ಇಸ್ತ್ರಿ. ತೆಳು ಹತ್ತಿಯ ಲಾಭ ಕಾಣುವುದು ಇಲ್ಲಿಯೇ. ಅದು ಇವೆಲ್ಲವನ್ನೂ ತಡೆದುಕೊಳ್ಳುತ್ತದೆ.

ನಮ್ಮ ಮನೆಯ ಹುಳುಕಡ್ಡಿ ಪೂರ್ತಿ ವಾಸಿಯಾಗಲು ತಿಂಗಳುಗಳೇ ಬೇಕಾದವು. ಔಷಧಿಯನ್ನು ಡಾಕ್ಟರು ಹೇಳಿದಷ್ಟು ದಿನ, ಎಲ್ಲರೂ ಒಟ್ಟಿಗೆ ತೆಗೆದುಕೊಂಡೆವು. ಬೈರಾಸುಗಳನ್ನು ಬೇರೆ ಮಾಡಿದೆವು. ಎರಡರಲ್ಲಿ ಒಂದನ್ನೇ ಮಾಡಿದ್ದರೆ ರೋಗ ಮತ್ತೆ ಸುತ್ತು ಹೊಡೆಯುತ್ತಿತ್ತು.

ಕೊನೆಗೆ ಮಸೀದಿ ಕಮಿಟಿಯ ಹಿರಿಯರಲ್ಲಿ ಒಂದು ವಿನಂತಿ. ವುಝೂ ಮಾಡುವ ಕಡೆ ಎಲ್ಲರಿಗೂ ಒಂದೇ ಟವೆಲ್ ತೂಗುಹಾಕಿದ್ದರೆ ದಯವಿಟ್ಟು ಇಂದೇ ತೆಗೆಯಿರಿ. ಒಳ್ಳೆಯ ಉದ್ದೇಶದಿಂದ ಇಟ್ಟದ್ದೇ ಆಗಿರಬಹುದು, ಆದರೆ ಸೋಂಕಿಗೆ ಉದ್ದೇಶ ಗೊತ್ತಾಗುವುದಿಲ್ಲ. ಬರುವವರು ತಮ್ಮ ತಮ್ಮ ಕರ್ಚೀಫನ್ನೋ ಬೈರಾಸನ್ನೋ ತರಲಿ. ದರ್ಸ್ ಮಕ್ಕಳಿಗೆ ಏನಾದರೂ ಕೊಡಬೇಕೆಂದು ಯೋಚಿಸುವ ದಾನಿಗಳೇ, ಈ ಸಲ ತಲೆಗೆ ಎರಡರಂತೆ ಹತ್ತಿ ಬೈರಾಸು ಕೊಡಿ. ಮೂಲೆಯಲ್ಲಿ ಮಗುವಿನ ಹೆಸರಿನ ಮೊದಲ ಅಕ್ಷರವನ್ನು ಹೊಲಿಸಿಕೊಡಿ. ಆ ಒಂದು ಅಕ್ಷರದಿಂದ ಎಷ್ಟೋ ಮಕ್ಕಳ ತುರಿಕೆ ತಪ್ಪುತ್ತದೆ.

ಈಗ ಎದ್ದು, ಮೊಳೆಯಲ್ಲಿರುವ ಆ ಬೈರಾಸನ್ನು ಒಗೆಯಲು ಹಾಕಿ.