ಪಾರ್ಕಿನ್ಸನ್ ಕಾಯಿಲೆ: ನಡಿಗೆ ನಿಲ್ಲದಿರಲಿ, ಬೀಳುವುದು ತಪ್ಪಲಿ

ಮನೆಯ ಹಿರಿಯರ ಕೈ ನಡುಗತೊಡಗಿದರೆ ಅದನ್ನು ವಯೋಸಹಜವೆಂದು ಭಾವಿಸಿ ಸುಮ್ಮನಾಗುವುದು ರೂಢಿ. ಆದರೆ ನಡುಕದೊಂದಿಗೆ ಹೆಜ್ಜೆ ಕಿರಿದಾಗುವುದು, ಮೈ ಬಿಗಿಯುವುದು, ನಡೆಯುವಾಗ ಒಂದು ಕೈ ಬೀಸದಿರುವುದು ಕಂಡುಬಂದರೆ ಅದು ಪಾರ್ಕಿನ್ಸನ್ ಕಾಯಿಲೆಯಾಗಿರಬಹುದು. 1817ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಅವರಿಂದ ಈ ಹೆಸರು ಬಂದಿತು. ಆಯುರ್ವೇದವು ಇಂತಹ ಲಕ್ಷಣಗಳನ್ನು ಕಂಪವಾತವೆಂದು ಕರೆದಿದೆ. ಚಲನೆಗೆ ಅಗತ್ಯವಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಜೀವಕೋಶಗಳು ಕ್ರಮೇಣ ನಶಿಸುವುದೇ ಈ ಕಾಯಿಲೆಯ ಮೂಲ. ಇದು ಅಂಟುರೋಗವಲ್ಲ; ಯಾರ ಪಾಪದ ಫಲವೂ ಅಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಅನೇಕ ಮನೆಗಳಲ್ಲಿ ಇಂತಹ ಹಿರಿಯರನ್ನು 'ಬಿದ್ದಾರು' ಎಂಬ ಭಯದಿಂದ ಒಂದೆಡೆ ಕೂಡಿಸಿಬಿಡುತ್ತಾರೆ. ಇದು ಪ್ರೀತಿಯಿಂದ ಮಾಡಿದ್ದಾದರೂ ಹಾನಿಯನ್ನೇ ತರುತ್ತದೆ. ಕುಳಿತೇ ಇದ್ದರೆ ಕಾಲಿನ ಬಲ ಕುಗ್ಗುತ್ತದೆ, ಬಿಗಿತ ಹೆಚ್ಚುತ್ತದೆ, ಸಮತೋಲನ ತಪ್ಪುತ್ತದೆ. ಮುಂದೊಮ್ಮೆ ಎದ್ದಾಗ ಬೀಳುವ ಸಂಭವ ಇನ್ನಷ್ಟಾಗುತ್ತದೆ. ಆದ್ದರಿಂದ ನಿಲ್ಲಿಸಬೇಕಾದದ್ದು ಹಿರಿಯರ ಓಡಾಟವನ್ನಲ್ಲ. ಬದಲಿಸಬೇಕಾದದ್ದು ಮನೆಯ ವ್ಯವಸ್ಥೆಯನ್ನು.

ದಿನದ ಚಟುವಟಿಕೆ

ವಾರಕ್ಕೆ ಒಟ್ಟು 150 ನಿಮಿಷಗಳ ಮಿತವಾದ ವ್ಯಾಯಾಮ ಉತ್ತಮ ಗುರಿ. ಔಷಧದ ಪರಿಣಾಮ ಚೆನ್ನಾಗಿರುವ ಹೊತ್ತಿನಲ್ಲಿ, ಸಮತಟ್ಟಾದ ಜಾಗದಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು ನಡೆಯಬೇಕು. ಹೆಜ್ಜೆ ಉದ್ದವಾಗಿರಲಿ, ಹಿಮ್ಮಡಿ ಮೊದಲು ನೆಲ ಮುಟ್ಟಲಿ. ಗಟ್ಟಿಯಾದ ಕುರ್ಚಿಯಿಂದ ಹಲವು ಬಾರಿ ಎದ್ದು ಕೂರುವುದು ಕಾಲಿಗೆ ಬಲ ಕೊಡುತ್ತದೆ. ಇಷ್ಟಲಿಂಗ ಪೂಜೆಗೆ, ಪ್ರಸಾದಕ್ಕೆ ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲಿ ಕೂರಲು ಸಂಕೋಚಪಡಬೇಕಿಲ್ಲ. ಭಕ್ತಿಗೆ ಆಸನ ಅಡ್ಡಿಯಾಗದು. ಬಾಗಿ ನಮಸ್ಕರಿಸುವ ಬದಲು ನಿಂತಲ್ಲೇ ಕೈಮುಗಿದರೂ ಸಾಕು.

ಹೆಜ್ಜೆ ಕಚ್ಚಿಕೊಂಡಾಗ

ಬಾಗಿಲ ಬಳಿ, ತಿರುವಿನಲ್ಲಿ, ಬನಶಂಕರಿ ಜಾತ್ರೆಯಂತಹ ಜನಸಂದಣಿಯಲ್ಲಿ ಕಾಲು ನೆಲಕ್ಕೆ ಅಂಟಿದಂತಾಗುವುದು ಈ ಕಾಯಿಲೆಯ ಒಂದು ಲಕ್ಷಣ. ಆಗ ಕೈಹಿಡಿದು ಎಳೆಯಬಾರದು. ನಿಂತು ಉಸಿರೆಳೆದು, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿ, 'ಒಂದು, ಎರಡು' ಎಂದೆಣಿಸಿ ದೊಡ್ಡ ಹೆಜ್ಜೆ ಇಡಬೇಕು. ಲಯ ಕಿವಿಗೆ ಬಿದ್ದರೆ ಕಾಲು ಸುಲಭವಾಗಿ ಏಳುತ್ತದೆ. ಭಜನೆಯ ತಾಳವಾಗಲಿ, ಇಳಕಲ್ಲಿನ ನೇಕಾರರಿಗೆ ಪರಿಚಿತವಾದ ಮಗ್ಗದ ಸದ್ದಿನಂತಹ ಲಯವಾಗಲಿ ನೆರವಾಗಬಲ್ಲದು. ನೆಲದ ಮೇಲೆ ಅಡ್ಡಗೆರೆಗಳನ್ನು ಎಳೆದು, ಅವುಗಳನ್ನು ದಾಟುತ್ತ ನಡೆಯುವ ಅಭ್ಯಾಸವೂ ಒಳ್ಳೆಯದು. ತಿರುಗುವಾಗ ನಿಂತಲ್ಲೇ ಹೊರಳದೆ ಸುತ್ತು ಬಳಸಿ ತಿರುಗಬೇಕು. ನಡೆಯುವಾಗ ಕೊಡ ಹೊರುವುದು, ಮಾತನಾಡುವುದು ಬೇಡ.

ಮನೆಯೊಳಗೆ

ನಮ್ಮ ಹಳೆಯ ಮನೆಗಳ ಎತ್ತರದ ಹೊಸ್ತಿಲಿಗೆ ಎದ್ದುಕಾಣುವ ಬಣ್ಣ ಬಳಿದು, ಪಕ್ಕದಲ್ಲಿ ಹಿಡಿಕೆ ಹಾಕಿಸಿರಿ. ಪಡಸಾಲೆಯಲ್ಲಿ ಹಾಸಿದ ಕೌದಿ, ಚಾಪೆಗಳನ್ನು ಓಡಾಡುವ ದಾರಿಯಿಂದ ತೆಗೆಯಿರಿ. ಒದ್ದೆಯಾದ ಫರಸಿ ಕಲ್ಲು ಜಾರುತ್ತದೆ. ಬಚ್ಚಲಲ್ಲಿ ಜಾರದ ಚಾಪೆ, ಗೋಡೆಗೆ ಹಿಡಿಕೆ, ರಾತ್ರಿ ಸಣ್ಣ ದೀಪ ಇರಲಿ. ಧೋತರ, ಸೀರೆಯ ಅಂಚು ಕಾಲಿಗೆ ತೊಡರದಂತೆ ಉಡಿಸಿರಿ. ಹಿಮ್ಮಡಿ ಹಿಡಿದಿಡುವ ಪಾದರಕ್ಷೆ ಇರಲಿ. ಮೇಣಬಸದಿಯ ಮೆಟ್ಟಿಲು ಹತ್ತುವಾಗ, ಕೂಡಲಸಂಗಮದ ಐಕ್ಯಮಂಟಪಕ್ಕೆ ಇಳಿಯುವಾಗ ಒಬ್ಬರು ಜೊತೆಗಿರಲೇಬೇಕು.

ತಲೆ ತಿರುಗಿದರೆ, ಬಿದ್ದರೆ

ಕಾಯಿಲೆಯಿಂದಲೂ ಔಷಧದಿಂದಲೂ ಎದ್ದ ಕೂಡಲೇ ರಕ್ತದೊತ್ತಡ ಇಳಿಯಬಹುದು. ಮಲಗಿದವರು ಮೊದಲು ಕುಳಿತು, ತುಸು ತಡೆದು, ಬಳಿಕ ಏಳಲಿ. ಬಿದ್ದವರನ್ನು ಥಟ್ಟನೆ ಎತ್ತದೆ, ನೋವಿದೆಯೇ ಎಂದು ಮೊದಲು ಕೇಳಿರಿ. ತಲೆಗೆ ಪೆಟ್ಟಾಗಿದ್ದರೆ ಅಥವಾ ಸೊಂಟದಲ್ಲಿ ತೀವ್ರ ನೋವಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಪೆಟ್ಟಾಗದೆ ಬಿದ್ದಿದ್ದರೂ ವೈದ್ಯರಿಗೆ ತಿಳಿಸಿರಿ. ಅದು ಔಷಧವನ್ನು ಹೊಂದಿಸಬೇಕೆಂಬ ಸೂಚನೆಯಾಗಿರಬಹುದು. ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಕೊಡಿರಿ, ನೀವಾಗಿಯೇ ನಿಲ್ಲಿಸಬೇಡಿರಿ. ಬಾಗಲಕೋಟೆಯ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು; ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಯಾವ ವ್ಯಾಯಾಮ ಎಷ್ಟು ಮಾಡಬೇಕೆಂಬುದನ್ನು ಫಿಜಿಯೋಥೆರಪಿ ತಜ್ಞರಿಂದ ಕಲಿಯುವುದು ಕ್ಷೇಮ.

ಕಾಯಕವನ್ನು ಎತ್ತಿಹಿಡಿದ ಪರಂಪರೆ ನಮ್ಮದು. ನಡುಗುವ ಕೈಗೂ ಮಾಡಲು ಒಂದು ಕೆಲಸವಿರಲಿ: ಹೂ ಬಿಡಿಸುವುದು, ಕಾಳು ಆರಿಸುವುದು, ವಿಭೂತಿ ಹಂಚುವುದು. ಸದ್ಭಕ್ತರು ಇಂದೇ ತಮ್ಮ ಮನೆಯ ಹಿರಿಯರು ಓಡಾಡುವ ದಾರಿಯನ್ನು ಒಮ್ಮೆ ನೋಡಿ ಸರಿಪಡಿಸಲಿ, ಸಂಜೆ ಅವರೊಡನೆ ನಾಲ್ಕು ಹೆಜ್ಜೆ ನಡೆಯಲಿ ಎಂದು ಆಶಿಸುತ್ತೇವೆ.